ಎಡಗೈಗೆ ಹೊಲಿದ ಚೀಲ

ನನ್ನ ಮಗಳ ಎಡಗೈಗೆ ಚೀಲ ಹೊಲಿದವಳು ನಾನೇ. ಕುಪ್ಪಸಕ್ಕೆಂದು ತಂದ ಹಸಿರು ಖಣದಲ್ಲಿ ಉಳಿದ ತುಂಡು, ಬಾಯಿಗೆ ಕೆಂಪು ಲಾಡಿ, ಮಣಿಕಟ್ಟು ಉಜ್ಜದಿರಲೆಂದು ಒಳಗೆ ಹಳೆಯ ಧೋತರದ ಮೆತ್ತನೆಯ ಅಸ್ತರು. ಇಷ್ಟು ಕಾಳಜಿಯಿಂದ ಹೊಲಿದೆನೆಂಬುದನ್ನು ಸಮರ್ಥನೆಗಾಗಿ ಹೇಳುತ್ತಿಲ್ಲ. ಈ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ಆಗುತ್ತಿರುವ ಅನ್ಯಾಯಗಳನ್ನು ಒಂದೊಂದಾಗಿ ಎತ್ತಿ ಹೇಳುತ್ತ ಬಂದವಳು ನಾನು. ನಾನೇ ಮಾಡಿದ್ದನ್ನು ಆ ಪಟ್ಟಿಯಿಂದ ಬಿಟ್ಟರೆ, ಉಳಿದದ್ದನ್ನು ಓದುಗರು ನಂಬಬೇಕಾದ ಕಾರಣವಿಲ್ಲ.

ಮಗಳು ಹುಟ್ಟಿದಾಗ ನಾವು ಔರಾದದಲ್ಲಿದ್ದೆವು. ಮನೆಯವರು ಅಲ್ಲಿಯ ತಹಸೀಲ್ ಕಚೇರಿಯಲ್ಲಿ ಕಾರಕೂನರಾಗಿದ್ದರು. ನಾನು ಸೊಲ್ಲಾಪುರದಲ್ಲಿ ಬೆಳೆದವಳು. ನೆರೆಹೊರೆಯವರ ಮಾತಿಗೆ ಕಿವಿಗೊಡದೆ ತಂದೆ ನನ್ನನ್ನು ಏಳನೆಯ ಇಯತ್ತೆಯವರೆಗೆ ಹೆಣ್ಣುಮಕ್ಕಳ ಶಾಲೆಗೆ ಕಳಿಸಿದ್ದರು. ಆ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಬಾಯಿಯವರೊಬ್ಬರು ಕಲಿಸಿದ ಒಂದು ಶಿಸ್ತು ನನ್ನಲ್ಲಿ ಉಳಿದಿತ್ತು: ಕಂಡದ್ದನ್ನು ಇವತ್ತು ಬರೆಯಬೇಕು, ಅದರ ಬಗೆಗಿನ ಅಭಿಪ್ರಾಯವನ್ನು ನಾಳೆ ಬರೆಯಬೇಕು. ಮಗಳ ವಿಷಯದಲ್ಲಿ ಈ ಶಿಸ್ತನ್ನು ಪಾಲಿಸಲು ನಿಶ್ಚಯಿಸಿದೆ.

ಔರಾದದಲ್ಲಿ ಬರೆಯುವ ಕಾಗದ ದುರ್ಲಭವಾಗಿತ್ತು. ಕಚೇರಿಯಲ್ಲಿ ರದ್ದಾದ ಹಾಳೆಗಳನ್ನು ಮನೆಯವರು ತಂದುಕೊಡುತ್ತಿದ್ದರು. ಒಂದು ಮಗ್ಗುಲಲ್ಲಿ ಉರ್ದುವಿನಲ್ಲಿ ಯಾವುದೋ ಹಳ್ಳಿಯ ಬಾವಿಯ ತಕರಾರು, ಯಾವುದೋ ಹೊಲದ ಗಡಿ. ಖಾಲಿ ಮಗ್ಗುಲಲ್ಲಿ ಕನ್ನಡದಲ್ಲಿ ನನ್ನ ಮಗಳ ಹಲ್ಲು, ಹೆಜ್ಜೆ, ತೊದಲು. ಅವನ್ನು ದಾರ ಹಾಕಿ ಹೊಲಿದು ಪುಸ್ತಕ ಮಾಡಿಕೊಂಡಿದ್ದೆ.

“ಸರ್ಕಾರದ ಬೆನ್ನ ಮ್ಯಾಲ ಬರೀಲತ್ತಿದಿ ನೋಡು,” ಎಂದು ಅವರು ನಗುತ್ತಿದ್ದರು. ಅವರ ನಗುವಿನಲ್ಲಿ ಅರ್ಧ ಭಯವೂ ಇತ್ತು. ಕನ್ನಡದ ಮಕ್ಕಳು ಮೊದಲ ಅಕ್ಷರವನ್ನು ಮನೆಯ ಮಾತಿನಲ್ಲಿ ಕಲಿಯಬೇಕೆಂದು ನಾನು ಸೊಲ್ಲಾಪುರದ ಪತ್ರಿಕೆಯೊಂದಕ್ಕೆ ಬರೆದಿದ್ದ ಕಾಗದ ಅಚ್ಚಾಗಿತ್ತು. ಅದರ ಕೆಳಗೆ ನನ್ನ ಹೆಸರಿರಲಿಲ್ಲವೆಂಬುದೊಂದೇ ಅವರ ಸಮಾಧಾನ.

ಆ ಪುಸ್ತಕ ಈಗಲೂ ನನ್ನ ಬಳಿ ಇದೆ. ಎಂಟನೆಯ ತಿಂಗಳಿನ ಪುಟದಲ್ಲಿ ಹೀಗೆ ಬರೆದಿದ್ದೇನೆ: ಬೆಲ್ಲದ ಚೂರನ್ನು ಬಲಗೈಗೆ ಕೊಟ್ಟೆ. ಅದನ್ನು ಎಡಗೈಗೆ ದಾಟಿಸಿಕೊಂಡು ಬಾಯಿಗಿಟ್ಟಳು. ಎರಡನೆಯ ಸಲ ಕೊಟ್ಟೆ, ಎರಡನೆಯ ಸಲವೂ ದಾಟಿಸಿಕೊಂಡಳು. ಒಂದು ವರ್ಷದ ಮೇಲೆ ಕೆಲವು ದಿನಗಳಾದಾಗ ಹೊಸ್ತಿಲನ್ನು ಕುಳಿತು ದಾಟುವುದನ್ನು ಬಿಟ್ಟು, ಬಾಗಿಲ ಚೌಕಟ್ಟನ್ನು ಎಡಗೈಯಿಂದ ಹಿಡಿದು ನಿಂತೇ ದಾಟಿದಳು. ದಾಟಿದ ಮೇಲೆ ಹಿಂದಿರುಗಿ ಹೊಸ್ತಿಲನ್ನು ನೋಡಿ ಬೈದಳು. ಎರಡು ವರ್ಷ ತುಂಬುವ ಹೊತ್ತಿಗೆ ಮೊರದ ಮುಂದೆ ನನ್ನ ಜೊತೆ ಕುಳಿತು ತೊಗರಿಯಲ್ಲಿಯ ಹರಳು ಆರಿಸುತ್ತಿದ್ದಳು. ಮೊದಲು ಹರಳನ್ನೂ ಕಾಳನ್ನೂ ಒಂದೇ ಗುಂಪಿಗೆ ಹಾಕುತ್ತಿದ್ದವಳು, ಒಂದು ತಿಂಗಳಲ್ಲಿ ಎರಡು ಗುಂಪು ಮಾಡಿದಳು. ನಂತರ ಯಾರೂ ಹೇಳದೆ ಹುಳು ತಿಂದ ಕಾಳಿಗೆ ಮೂರನೆಯ ಗುಂಪು ಮಾಡಿದಳು. ನಾನು ಎರಡೇ ಗುಂಪು ಕಲಿಸಿದ್ದೆ. ಮೂರನೆಯದು ಅವಳದು. ಅವತ್ತು ನಾನು ಬರೆದ ಅಕ್ಷರಗಳು ಸಂತೋಷಕ್ಕೆ ದೊಡ್ಡವಾಗಿವೆ.

ಈ ಎಲ್ಲ ಕೆಲಸವನ್ನೂ ಅವಳು ಎಡಗೈಯಿಂದ ಮಾಡುತ್ತಿದ್ದಳು. ನಾನು ಅದನ್ನು ಕಂಡ ಸಂಗತಿಯಾಗಿ ಬರೆದುಕೊಂಡೆನೇ ಹೊರತು ದೋಷವೆಂದು ಎಣಿಸಲಿಲ್ಲ. ಔರಾದದಲ್ಲಿ ಬೈಯಲು ಬೇರೆ ಸಂಗತಿಗಳು ಸಾಕಷ್ಟಿದ್ದವು. ಅಲ್ಲಿ ಹೆಣ್ಣುಮಕ್ಕಳಿಗೆ ಶಾಲೆಯೇ ಇರಲಿಲ್ಲ. ಗಂಡುಮಕ್ಕಳಿಗಿದ್ದ ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ; ಮಗು ತಾಯಿಯಿಂದ ಕಲಿತ ಮಾತಿಗೆ ಜಾಗವಿರಲಿಲ್ಲ. ಎಂಟು ವರ್ಷದ ಹುಡುಗಿಯನ್ನು ಸಂತಪುರದ ಕಡೆ ಮದುವೆ ಮಾಡಿ ಕಳಿಸಿದ್ದನ್ನು ನಾನು ನೋಡಿದೆ. ಆ ಹುಡುಗಿ ಬಂಡಿಯಲ್ಲಿ ಕುಳಿತು ತನ್ನ ಗೊಂಬೆಯನ್ನು ಯಾರು ಇಟ್ಟುಕೊಳ್ಳುವರೆಂದು ಕೇಳುತ್ತಿದ್ದಳು. ಅದಕ್ಕೆ ಊರವರು ಮಂಗಳ ಕಾರ್ಯವೆಂದರು; ನಾನು ಆಗಲೂ ಈಗಲೂ ಅದಕ್ಕೆ ಅನ್ಯಾಯವೆಂಬ ಹೆಸರನ್ನಲ್ಲದೆ ಬೇರೆ ಹೆಸರನ್ನು ಕೊಡಲಾರೆ.

ಮಗಳಿಗೆ ನಾಲ್ಕು ತುಂಬಿದಾಗ ಮನೆಯವರಿಗೆ ಬೀದರಿಗೆ ಬದಲಿಯಾಯಿತು. ಅವರು ಅಲ್ಲಿಯ ಚಿದ್ರಿ ಭಾಗದಲ್ಲಿ ಒಂದು ಕೋಣೆ ಹಿಡಿದು ಇರತೊಡಗಿದರು. ನಾನು ಮಗಳೊಂದಿಗೆ ಭಾಲ್ಕಿಯಲ್ಲಿ ಅತ್ತೆಯ ಮನೆಗೆ ಬಂದೆ.

ಅತ್ತೆ ಗಟ್ಟಿ ಹೆಣ್ಣುಮಗಳು. ನಿತ್ಯ ಸ್ನಾನವಾದ ಮೇಲೆ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ನೀರನ್ನೂ ಮುಟ್ಟುತ್ತಿರಲಿಲ್ಲ. ನಾವು ಬಂದ ಮೊದಲ ಸೋಮವಾರವೇ ಭಿಕ್ಷೆಗೆ ಜಂಗಮ ಅಯ್ಯನವರು ಬಾಗಿಲಿಗೆ ಬಂದರು. ಮಗಳು ಓಡಿಹೋಗಿ ಜೋಳದ ಹಿಟ್ಟನ್ನು ಎಡಗೈಯಿಂದ ಹಿಡಿ ತುಂಬಿ ತಂದು ಅವರ ಜೋಳಿಗೆಗೆ ಸುರಿದಳು. ಅತ್ತೆ ನಾಚಿ ಅಯ್ಯನವರ ಕ್ಷಮೆ ಕೇಳಿದರು. ಒಳಗೆ ಬಂದು ಎಡಗೈಯಿಂದ ನೀಡಿದ್ದು ಯಾರಿಗೂ ಮುಟ್ಟುವುದಿಲ್ಲವೆಂದು ಮೊಮ್ಮಗಳಿಗೆ ಹೇಳಿದರು. ಸುಮ್ಮನಿರುವುದು ನನ್ನ ಸ್ವಭಾವವಲ್ಲ.

“ಅತ್ತಿ, ಲಿಂಗ ಇಟ್ಕೊಳ್ಳೋದು ಯಾವ ಕೈಯಾಗರಿ?” ಎಂದು ಕೇಳಿದೆ.

“ಎಡಗೈಯಾಗ.”

“ಮತ್ತ ಆ ಕೈ ಮೈಲಿಗಿ ಹ್ಯಾಂಗಾಯ್ತರಿ?”

ಅವರು ಹಸನು ಮಾಡುತ್ತಿದ್ದ ಜೋಳದಿಂದ ತಲೆಯನ್ನೂ ಎತ್ತಲಿಲ್ಲ. “ಮೈಲಿಗಿ ಅಂತ ಯಾರಂದ್ರು? ಎಡಗೈ ಲಿಂಗಕ್ಕ ಗದ್ದಿಗಿ. ಗದ್ದಿಗಿ ಮ್ಯಾಲ ಲಿಂಗ ಕೂಡ್ತದ. ಗದ್ದಿಗಿ ಎದ್ದು ಕಸಾ ಹೊಡೀತದೇನವ್ವಾ?”

ಗದ್ದಿಗೆಯಾದರೂ ಆಗಲಿ, ಮಕ್ಕಳ ಕೈಯನ್ನು ಹೊಡೆದು ತಿದ್ದುವುದು ಅನ್ಯಾಯವೆಂದೂ, ನಾನಿರುವವರೆಗೆ ಈ ಮನೆಯಲ್ಲಿ ಅದು ನಡೆಯದೆಂದೂ ಸ್ಪಷ್ಟವಾಗಿ ಹೇಳಿದೆ. ಅವರು ಹೊಡೆಯಲೂ ಇಲ್ಲ. ಬೈದರು, ತಮಾಷೆ ಮಾಡಿದರು, ನಂತರ ಒಲೆಯ ಮುಂದೆ ಕೂರಿಸಿಕೊಂಡು ನಿಂಬೆಹಣ್ಣಿನಷ್ಟು ಹಿಟ್ಟು ಕೊಟ್ಟು ರೊಟ್ಟಿ ಬಡಿಯಲು ಕಲಿಸಿದರು. ಅತ್ತೆಯ ಅಂಗೈ ಕೆಳಗೆ ರೊಟ್ಟಿ ಒಂದು ದಿಕ್ಕಿಗೆ ಸುತ್ತಿದರೆ ಮಗಳ ಅಂಗೈ ಕೆಳಗೆ ಎದುರು ದಿಕ್ಕಿಗೆ ಸುತ್ತುತ್ತಿತ್ತು.

“ನಿನ್ನ ರೊಟ್ಟಿ ಹಿಂದಕ್ಕ ಹೋಗ್ತದಲ್ಲೇ,” ಎಂದು ಅತ್ತೆ ಕಿಚಾಯಿಸಿದರೆ, “ಉಬ್ಬತದಲ್ಲ, ಆಯಿ, ಉಬ್ಬತದ,” ಎಂದು ಅವಳು ಹಂಚಿನತ್ತ ಬೆರಳು ಮಾಡುತ್ತಿದ್ದಳು. ಅದು ನಿಜವಾಗಿಯೂ ಉಬ್ಬುತ್ತಿತ್ತು. ಐದು ತುಂಬುವ ಹೊತ್ತಿಗೆ ಅವಳ ರೊಟ್ಟಿಯ ಅಂಚು ಒಡೆಯುವುದು ನಿಂತಿತೆಂದು ಪುಸ್ತಕದಲ್ಲಿ ಬರೆದಿದ್ದೇನೆ.

ಭಾಲ್ಕಿಯಲ್ಲಿ ನಾನು ಹೆಣ್ಣುಮಕ್ಕಳಿಗೆ ಕನ್ನಡ ಕಲಿಸಲು ಆರಂಭಿಸಿದೆ. ಬೇಳೆಕಾಳಿನ ವ್ಯಾಪಾರದ ಹಿರಿಯರೊಬ್ಬರು ತಮ್ಮ ಅಂಗಡಿಯ ಹಿಂದಿನ ಪಡಸಾಲೆಯನ್ನು ಬಿಟ್ಟುಕೊಟ್ಟರು. ಅವರನ್ನು ನಾನು ಕಾಕಾ ಎಂದು ಕರೆಯುತ್ತಿದ್ದೆ. ಮೊದಲು ಹದಿಮೂರು ಹುಡುಗಿಯರು ಬಂದರು. ಅವರಲ್ಲಿ ಊರ ಹೊರಗಿನ ಕೇರಿಯ ಇಬ್ಬರನ್ನು ನಾನು ಅದೇ ಚಾಪೆಯ ಮೇಲೆ ಕೂರಿಸಿದ ದಿನ ನಾಲ್ವರು ಬರುವುದನ್ನು ಬಿಟ್ಟರು. ಲಿಂಗ ಕಟ್ಟಿದ ಮೇಲೆ ಕುಲ ಕೇಳಬಾರದೆಂದು ದಿನಬೆಳಗಾದರೆ ಹೇಳುವ ಮನೆಗಳವರೇ ಆ ನಾಲ್ವರು. ಇದನ್ನೂ ಬರೆದಿಡುತ್ತೇನೆ. ಕಾಕಾ ಮುಖ ಗಂಟಿಕ್ಕಿಕೊಂಡರು. ಆದರೆ ಪಡಸಾಲೆಯನ್ನು ಕಿತ್ತುಕೊಳ್ಳಲಿಲ್ಲ.

ಉಳಿದವರು ಒಂಬತ್ತು ಮಂದಿ. ಅವರ ಆಧಾರದ ಮೇಲೆ ಭಾಲ್ಕಿಗೆ ಒಂದು ಹೆಣ್ಣುಮಕ್ಕಳ ಕನ್ನಡ ಶಾಲೆ ಬೇಕೆಂದು ಅರ್ಜಿ ಬರೆದೆವು. ಹಲವು ತಿಂಗಳ ನಂತರ, ಶಿಕ್ಷಣ ಖಾತೆಯ ಸಾಹೇಬರು ಬೀದರಿಗೆ ಬರುವವರಿದ್ದಾರೆ, ಹುಡುಗಿಯರು ಏನು ಕಲಿತಿದ್ದಾರೆಂದು ತೋರಿಸಲು ಒಬ್ಬಳನ್ನಾದರೂ ಕರೆತನ್ನಿ ಎಂದು ಖಾತೆಯ ಕಚೇರಿಯಿಂದ ತಿಳಿಸಿದರು. ದೊಡ್ಡ ಹುಡುಗಿಯರನ್ನು ಬೀದರಿಗೆ ಕಳಿಸಲು ಯಾವ ಮನೆಯವರೂ ಒಪ್ಪಲಿಲ್ಲ. ಎಲ್ಲರಿಗಿಂತ ಚಿಕ್ಕವಳಾದ ನನ್ನ ಮಗಳನ್ನೇ ಕರೆದೊಯ್ಯುವುದೆಂದಾಯಿತು. ಐದು ವರ್ಷದ ಹೆಣ್ಣು ಕನ್ನಡ ಬರೆದು ತೋರಿಸಿದರೆ ಬೇರೆ ಸಾಕ್ಷಿಯೇ ಬೇಡವೆಂಬುದು ನನ್ನ ಎಣಿಕೆ.

ಒಂದೇ ತೊಡಕಿತ್ತು. ಕನ್ನಡದ ಸಾಲು ಎಡದಿಂದ ಬಲಕ್ಕೆ ಸಾಗುತ್ತದೆ. ಎಡಗೈ ಅದರ ಬೆನ್ನ ಹಿಂದೆಯೇ ಬರುತ್ತದೆ. ಅವಳು ಪಾಟಿಯ ಮೇಲೆ ಒಂದು ಅಕ್ಷರ ಬರೆದು ಮುಂದಿನದಕ್ಕೆ ಹೋಗುವಷ್ಟರಲ್ಲಿ ಅಂಗೈಯ ಅಂಚು ಹಿಂದಿನದನ್ನು ಒರೆಸಿಬಿಡುತ್ತಿತ್ತು. ಸಾಲು ಮುಗಿದಾಗ ಪಾಟಿಯ ಮೇಲೆ ಬೂದಿ ಬಳಿದಂತೆ, ಅವಳ ಅಂಗೈ ಬೆಳ್ಳಗೆ. ಇದನ್ನು ಕಾಕಾ ಒಂದು ದಿನ ನೋಡಿದರು. ಹುಡುಗಿಯರು ಹೋಗುವವರೆಗೆ ಕಾದು, ನನ್ನ ಮುಂದೆ ಕುಳಿತು ಮೆಲ್ಲಗೆ ಹೇಳಿದರು.

“ಸಾಲಿಗಿ ಹೋದ್ರ ಹೆಣ್ಣಿನ ಬುದ್ಧಿ ತಿರಗ್ತದ ಅಂತ ಮಂದಿ ಮೊದ್ಲೇ ಅಂತಾರ. ಕೈನೂ ತಿರಗ್ತದ ಅನ್ಲಾಕ ನೀನ ಸಾಕ್ಷಿ ಒಯ್ದು ಕೊಡ್ತಿ ಏನವ್ವಾ?”

ಅವರ ಮಾತಿನಲ್ಲಿ ದ್ವೇಷವಿರಲಿಲ್ಲ. ಅದು ನನ್ನೊಳಗೆ ಹೊಕ್ಕದ್ದು ಆ ಕಾರಣಕ್ಕಾಗಿಯೇ. ಒಂಬತ್ತು ಹುಡುಗಿಯರ ಶಾಲೆ ಒಂದು ಕಡೆ, ಒಂದು ಮಗುವಿನ ಒಂದು ತಿಂಗಳ ಅನನುಕೂಲ ಇನ್ನೊಂದು ಕಡೆ ಎಂದು ತೂಗಿದೆ. ಹಾಗೆ ತೂಗುವುದು ನ್ಯಾಯವೆಂದೇ ನಂಬಿದೆ. ಆ ಸಂಜೆ ಖಣದ ತುಂಡನ್ನು ತೆಗೆದು ಚೀಲ ಹೊಲಿಯಲು ಕುಳಿತೆ.

ಲಾಡಿ ಕಟ್ಟಿದಾಗ ಅವಳು ಅಳಲಿಲ್ಲ. ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿ, “ಅವ್ವಾ, ಈ ಕೈ ಏನ್ ಮಾಡ್ಯದ?” ಎಂದು ಕೇಳಿದಳು. ಏನೂ ಮಾಡಿಲ್ಲ, ಸ್ವಲ್ಪ ದಿನ ಮಲಗಲಿ ಎಂದೆ. ಆಮೇಲೆ ಅವಳು ಮೂಲೆಯಲ್ಲಿ ಕುಳಿತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈಯಿಂದ ತಟ್ಟಿ ತಟ್ಟಿ ಮಲಗಿಸುತ್ತಿದ್ದುದನ್ನು ಕಂಡೆ. ಕಂಡದ್ದನ್ನು ಅವತ್ತೇ ಬರೆಯಬೇಕೆಂಬ ಶಿಸ್ತನ್ನು ಮೊದಲ ಬಾರಿಗೆ ಮುರಿದೆ. ಅದನ್ನು ಬರೆಯಲಿಲ್ಲ.

ಆ ತಿಂಗಳ ಪುಟಗಳಲ್ಲಿ ಇರುವುದು ಇಷ್ಟೇ: ಬಲಗೈಯಿಂದ ಅ ಬರೆದಳು. ಬಲಗೈಯಿಂದ ಆರು ಅಕ್ಷರ. ಬಲಗೈಯಿಂದ ತನ್ನ ಹೆಸರು, ಸೊಟ್ಟಗಿದೆ, ಆದರೆ ಒರೆಸಿಲ್ಲ. ಕೊನೆಯಲ್ಲಿ “ಸುಧಾರಣೆ” ಎಂಬ ಒಂದು ಪದ. ಬರೆಯದೆ ಬಿಟ್ಟದ್ದನ್ನು ಈಗ ಬರೆಯುತ್ತೇನೆ. ಮೊರದ ಮುಂದೆ ಬಂದು ಕೂರುವುದನ್ನು ಅವಳು ಬಿಟ್ಟಳು. ರೊಟ್ಟಿಯ ಹಿಟ್ಟು ಕೊಟ್ಟರೆ ಅತ್ತೆಗೇ ಹಿಂದಿರುಗಿಸಿದಳು. ನೀರಿನ ತಂಬಿಗೆ ಎರಡು ಸಲ ಕೈಜಾರಿತು. ಮೂರನೆಯ ವಾರದಲ್ಲಿ ಮಾತಿನ ಮೊದಲ ಅಕ್ಷರ ಅವಳ ತುಟಿಯಲ್ಲಿ ಸಿಕ್ಕಿಕೊಳ್ಳತೊಡಗಿತು. “ಆಯಿ” ಎನ್ನಲು ಹೋಗಿ ಆ, ಆ, ಆ ಎಂದು ನಿಂತು, ಕತ್ತು ಚಾಚಿ, ಕೊನೆಗೆ ಕರೆಯದೆಯೇ ಸೆರಗು ಹಿಡಿದು ಎಳೆಯುತ್ತಿದ್ದಳು.

ಸಾಹೇಬರು ಬರುವ ಹತ್ತು ದಿನ ಮೊದಲು ಅತ್ತೆ ಬಾವಿಕಟ್ಟೆಯ ಹತ್ತಿರ ನನ್ನನ್ನು ತಡೆದು ನಿಲ್ಲಿಸಿದರು.

“ನಾ ಬೈದೇನಿ, ಖರೆ ಅದ. ಕಟ್ಟಿದೇನೇನು?”

ಇನ್ನು ಹತ್ತೇ ದಿನ, ಆಮೇಲೆ ಬಿಚ್ಚುತ್ತೇನೆ ಎಂದೆ.

“ಕೂಸಿಗಿ ಹತ್ತು ದಿನ ಅಂದ್ರ ಎಷ್ಟು ಅಂತ ಗೊತ್ತದೇನು ನಿನಗ? ಊರ ಮಂದಿದು ಎಲ್ಲಾ ಅನ್ಯಾಯ ಅಂತ ಕಾಗದ ಬರೀತಿ. ಇದಕ್ಕ ಏನಂತ ಬರೀತಿ, ಹೇಳು.”

ಕೊಡ ಎತ್ತಿಕೊಂಡು ಹೋದೆ. ಅವರ ಮಾತು ನಿಜವೆಂದು ಆಗಲೇ ಗೊತ್ತಿತ್ತು. ಗೊತ್ತಿದ್ದೂ ಬಿಚ್ಚಲಿಲ್ಲ ಎಂಬುದನ್ನು ಮರೆಮಾಚುವುದಿಲ್ಲ.

ಸಾಹೇಬರು ಬರುವುದಕ್ಕೆ ನಾಲ್ಕು ದಿನ ಮುಂಚೆ ನಾನೂ ಮಗಳೂ ಕಾಕಾ ಅವರ ಬಂಡಿಯಲ್ಲಿ ಬೀದರಿಗೆ ಹೋಗಿ ಚಿದ್ರಿಯ ಕೋಣೆಯಲ್ಲಿ ಇಳಿದೆವು. ಪಕ್ಕದ ಮನೆಯಲ್ಲಿ ವಯಸ್ಸಾದ ಮುಸಲ್ಮಾನ ಹೆಂಗಸೊಬ್ಬರಿದ್ದರು. ಓಣಿಯ ಹುಡುಗಿಯರಿಗೆ ತಮ್ಮ ಅಂಗಳದಲ್ಲಿಯೇ ಉರ್ದುವಿನ ಅಲಿಫ್ ಬೇ ಕಲಿಸುತ್ತಿದ್ದುದರಿಂದ ಎಲ್ಲರೂ ಅವರನ್ನು ಉಸ್ತಾನಿ ಎನ್ನುತ್ತಿದ್ದರು. ಮರುದಿನ ಬೆಳಿಗ್ಗೆ ಹುಡುಗಿಯರ ಒಕ್ಕೊರಲಿನ ಪಾಠ ಕೇಳಿ ಮಗಳು ಆ ಅಂಗಳಕ್ಕೆ ಹೋದಳು. ಅಡಿಗೆಯ ಕೆಲಸ ಮುಗಿಸಿ ಅರ್ಧ ತಾಸಿನ ಮೇಲೆ ಅವಳನ್ನು ಕರೆತರಲು ಹೋದ ನಾನು ಬಾಗಿಲಲ್ಲಿಯೇ ನಿಂತೆ.

ಹಸಿರು ಚೀಲ ಹಗ್ಗದ ಮೇಲೆ ಒಣಗುತ್ತಿತ್ತು. ಪಾಠಕ್ಕೆ ಮೊದಲು ಎಲ್ಲ ಹುಡುಗಿಯರೂ ಕೈ ತೊಳೆಯಬೇಕೆಂಬುದು ಉಸ್ತಾನಿಯ ನಿಯಮ. ಇವಳ ಕೈ ತೊಳೆಸಲು ಚೀಲ ಬಿಚ್ಚಿದವರು ಅದನ್ನೂ ತೊಳೆದು ಹಾಕಿದ್ದರು. ಮಗಳು ಗೋಡೆಗೆ ಒರಗಿ ಕುಳಿತು, ಜೇಡಿ ಬಳಿದ ಮರದ ಹಲಗೆಯನ್ನು ಮೊಣಕಾಲ ಮೇಲೆ ಓರೆಯಾಗಿ ಇಟ್ಟುಕೊಂಡು, ಜೊಂಡಿನ ಲೇಖಣಿಯನ್ನು ಮಸಿಯಲ್ಲಿ ಅದ್ದಿ, ಉಸ್ತಾನಿ ಮೇಲೆ ಬರೆದುಕೊಟ್ಟ ಸಾಲನ್ನು ನೋಡಿ ಎಡಗೈಯಿಂದ ಬರೆಯುತ್ತಿದ್ದಳು. ಉರ್ದುವಿನ ಸಾಲು ಬಲದಿಂದ ಎಡಕ್ಕೆ ಬರುತ್ತದೆ. ಅವಳ ಕೈ ಮುಂದೆ ಮುಂದೆ ಸರಿಯಿತು, ಅಕ್ಷರಗಳು ಹಿಂದೆ ಹಿಂದೆ ಉಳಿದವು. ಹಸಿ ಮಸಿಯನ್ನು ಅವಳ ಕೈ ಎಲ್ಲಿಯೂ ಮುಟ್ಟಲಿಲ್ಲ. ಅವಳು ಎಡಗೈಯಿಂದ ಬರೆದು ಉಳಿಸಿದ ಮೊದಲ ಶುದ್ಧವಾದ ಸಾಲು ಅದು.

ಆ ಹೊತ್ತಿನಲ್ಲಿ ನನಗೆ ಸಂತೋಷಕ್ಕಿಂತ ಮೊದಲು ಬಂದದ್ದು ಅವಮಾನ. ಕನ್ನಡದ ಮಕ್ಕಳ ಮೇಲೆ ಉರ್ದುವನ್ನು ಹೇರುವುದು ತಪ್ಪೆಂದು ಬರೆದವಳು ನಾನು. ಹೇರುವುದು ತಪ್ಪೆಂದು ಇವತ್ತೂ ಹೇಳುತ್ತೇನೆ. ಆದರೆ ಆ ಅಂಗಳದಲ್ಲಿ ಯಾರೂ ಏನನ್ನೂ ಹೇರಿರಲಿಲ್ಲ. ಹೇರಿದ್ದವಳು ನಾನು, ನನ್ನ ಮಾತೃಭಾಷೆಯ ಹೆಸರಿನಲ್ಲಿ.

ಉಸ್ತಾನಿ ನನ್ನನ್ನು ನೋಡಿ, “ಅಲ್ಲಾ ದಿಯಾ ಸೋ ಹಾತ್ ಹೈ, ಬೇಟಿ. ಥೈಲಿ ಮೇಂ ಕಾಯ್ಕು ರಖೇ?” ಎಂದರು. ದೇವರು ಕೊಟ್ಟ ಕೈಯನ್ನು ಚೀಲದಲ್ಲಿ ಏಕೆ ಇಟ್ಟಿದ್ದೀರಿ ಎಂಬ ಆ ಪ್ರಶ್ನೆಗೆ ನಾನು ಶಾಲೆ, ಅರ್ಜಿ, ಸಾಹೇಬರು ಎಂದು ಏನೇನೋ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ತಮ್ಮಲ್ಲಿಯೂ ಊಟಕ್ಕೆ ಬಲಗೈಯೇ ಎಂದು ಕಲಿಸುತ್ತಾರೆ, ತುತ್ತಿಗೆ ನಿಯಮವಿದೆ, ಆದರೆ ಅಕ್ಷರಕ್ಕೆ ಯಾವ ಕೈಯೆಂದು ತಾವು ಯಾರನ್ನೂ ಕೇಳಿಲ್ಲವೆಂದು ಹೇಳಿ, ಚೀಲವನ್ನು ಹಗ್ಗದಿಂದ ತೆಗೆದು ಮಡಚಿ ನನ್ನ ಕೈಗೆ ಕೊಟ್ಟರು. ಅದು ಇನ್ನೂ ಹಸಿಯಾಗಿತ್ತು. ಅದನ್ನು ನಾನು ಮತ್ತೆ ಕಟ್ಟಲಿಲ್ಲ.

ಆದರೂ ಸಾಹೇಬರ ಮುಂದೆ ಬರೆಯಬೇಕಾದದ್ದು ಕನ್ನಡವೇ. ಉಳಿದದ್ದು ಎರಡು ದಿನ. ಕೋಣೆಯ ಮುಂದಿನ ಕಟ್ಟೆಯ ಮೇಲೆ ಪಾಟಿ ಕೊಟ್ಟು, ಯಾವ ಕೈಯಿಂದಾದರೂ ಬರೆ ಎಂದು ಹೇಳಿ ದೂರ ಕುಳಿತೆ. ಅವಳು ಎಡಗೈಯಿಂದ “ಅವ್ವ” ಎಂದು ಬರೆದಳು. ಅಂಗೈ ಅದನ್ನು ಒರೆಸಿತು. ಅಂಗೈ ನೋಡಿಕೊಂಡಳು. ಮತ್ತೆ ಬರೆದಳು, ಮತ್ತೆ ಒರೆಸಿತು. ಮೂರನೆಯ ಸಲ ಪಾಟಿಯನ್ನು ಉಸ್ತಾನಿಯ ಹಲಗೆಯಂತೆ ಮೊಣಕಾಲಿನ ಮೇಲೆ ಓರೆಯಾಗಿಟ್ಟುಕೊಂಡಳು. ಒರೆಸುವುದು ಸ್ವಲ್ಪ ಕಡಿಮೆಯಾಯಿತು. ನಾಲ್ಕನೆಯ ಸಲ ಪಾಟಿಯನ್ನು ಬಲಕ್ಕೆ ಇನ್ನಷ್ಟು ತಿರುಗಿಸಿದಳು. ಐದನೆಯ ಸಲ ಪೂರ್ತಿ ಅಡ್ಡ ಮಾಡಿಕೊಂಡು, ಮೇಲಿನಿಂದ ತನ್ನ ಹೊಟ್ಟೆಯ ಕಡೆಗೆ ಇಳಿಸುತ್ತ ಬರೆದಳು. ಕೈ ಸಾಲಿನ ಪಕ್ಕದಲ್ಲಿ ಖಾಲಿ ಜಾಗದ ಮೇಲೆ ನಿಂತಿತ್ತು. ಅಕ್ಷರಗಳು ಅಡ್ಡ ಮಲಗಿದಂತೆ ಕಂಡವು. ಬರೆದು ಮುಗಿಸಿ ಪಾಟಿಯನ್ನು ನೇರ ಮಾಡಿದಳು. ಅಕ್ಷರಗಳೂ ಎದ್ದು ನೇರ ನಿಂತವು. “ಅವ್ವ” ಎಂಬುದು ಪೂರ್ತಿಯಾಗಿ, ಸ್ವಚ್ಛವಾಗಿ, ಅಲ್ಲಿತ್ತು.

ತೊಗರಿಯ ಮೂರನೆಯ ಗುಂಪು ನನಗೆ ನೆನಪಾಯಿತು. ಇದನ್ನೂ ಅವಳಿಗೆ ಯಾರೂ ಕಲಿಸಿರಲಿಲ್ಲ. ಒಂದು ತಿಂಗಳು ಕೈಯನ್ನು ತಿದ್ದಲು ಹೆಣಗಿದ ನನಗೆ, ತಿರುಗಿಸಬೇಕಾದದ್ದು ಪಾಟಿಯನ್ನು ಎಂಬುದು ಹೊಳೆದಿರಲಿಲ್ಲ.

ಗೊತ್ತುಪಡಿಸಿದ ದಿನ ಮನೆಯವರು, ಭಾಲ್ಕಿಯಿಂದ ಬಂದ ಕಾಕಾ, ನಾನು, ಮಗಳು, ನಾಲ್ವರೂ ಚೌಬಾರ ಗೋಪುರದ ಆಚೆಯ ಒಂದು ಬಂಗಲೆಗೆ ಹೋದೆವು. ಮಗಳ ಎರಡೂ ಕೈ ಬರಿದಾಗಿದ್ದವು. ಅದನ್ನು ಗಮನಿಸಿದ ಕಾಕಾ ನನ್ನ ಮುಖ ನೋಡಿದರು. ನಾನು ಬೇರೆ ಕಡೆ ನೋಡಲಿಲ್ಲ. ಸಾಹೇಬರು ಬಿಳಿ ಗಡ್ಡದವರು, ಮೃದು ಮಾತಿನವರು. ಕನ್ನಡ ಮಾತಾಡುವ ಮಕ್ಕಳ ಓದಿನ ಬಗ್ಗೆ ತೀರ್ಮಾನಿಸಬೇಕಾದ ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಇದು ಅವರೊಬ್ಬರ ದೋಷವಲ್ಲ, ಹಾಗೆ ನೇಮಿಸಿದ ವ್ಯವಸ್ಥೆಯ ದೋಷ. ಅವರು ಮಗುವನ್ನು ಹತ್ತಿರ ಕರೆದು ಹೆಸರು ಕೇಳಿದರು. ಮನೆಯವರು ಆ ಪ್ರಶ್ನೆಯನ್ನು ಕನ್ನಡದಲ್ಲಿ ಅವಳಿಗೆ ಹೇಳಿದರು.

ಮಗಳು ಬಾಯಿ ತೆರೆದಳು. ಮೊದಲ ಅಕ್ಷರ ಸಿಕ್ಕಿಕೊಂಡಿತು. ಎರಡು ಸಲ, ಮೂರು ಸಲ. ಕೋಣೆಯಲ್ಲಿದ್ದ ಜವಾನ ನಕ್ಕ. ಅವಳು ನನ್ನ ಕಡೆ ನೋಡಿದಳು, ಆಮೇಲೆ ನನ್ನ ಕೈಯಲ್ಲಿದ್ದ ಪಾಟಿಯ ಕಡೆ ನೋಡಿದಳು. ಕೊಟ್ಟೆ. ನೆಲದ ಮೇಲೆ ಕುಳಿತು, ಪಾಟಿಯನ್ನು ಅಡ್ಡ ತಿರುಗಿಸಿಕೊಂಡು, ಬಳಪವನ್ನು ಎಡಗೈಯಲ್ಲಿ ಹಿಡಿದು ಬಾಯಿಗೆ ಬಾರದ ಹೆಸರನ್ನು ಬರೆದಳು. ಅದರ ಕೆಳಗೆ ಊರಿನ ಹೆಸರನ್ನೂ ಬರೆದಳು. ಅದನ್ನು ಯಾರೂ ಕೇಳಿರಲಿಲ್ಲ. ಪಾಟಿ ನೇರ ಮಾಡಿ ಎತ್ತಿ ಹಿಡಿದಳು.

ಸಾಹೇಬರು ಓದಲು ಮನೆಯವರಿಗೆ ಹೇಳಿದರು. ಅವರು ಓದಿದರು. ಹುಡುಗಿ ಯಾವಾಗಲೂ ಹೀಗೆಯೇ ಹಲಗೆ ತಿರುಗಿಸಿ ಬರೆಯುತ್ತಾಳೆಯೇ, ಹೀಗೆ ಕಲಿಸಿದವರು ಯಾರು ಎಂದು ಸಾಹೇಬರು ವಿಚಾರಿಸಿದರು. ಮನೆಯವರು ಉತ್ತರಿಸುವ ಮೊದಲು ನಾನೇ ಮಾತಾಡಿದೆ.

“ಯಾರೂ ಕಲಿಸಿಲ್ಲರಿ ಸಾಹೇಬರ. ನಾ ಒಂದು ತಿಂಗಳು ಆ ಕೈ ಕಟ್ಟಿ ಇಟ್ಟಿದ್ದೆ. ಬಿಚ್ಚಿದ ಮ್ಯಾಲ ಆಕಿನೇ ಕಲ್ತಾಳ.”

ಮನೆಯವರು ಇದನ್ನು ಉರ್ದುವಿಗೆ ತಿರುಗಿಸಲು ಹಿಂಜರಿದರು. ನಾನು ಕಾದೆ. ಕೊನೆಗೆ ಪೂರ್ತಿ ಹೇಳಿದರು. ಸಾಹೇಬರು ಪಾಟಿಯನ್ನು ಇನ್ನೊಮ್ಮೆ ನೋಡಿ, ಮಗಳ ತಲೆಯ ಮೇಲೆ ಕೈಯಿಟ್ಟರು.

ಸರಕಾರಿ ಶಾಲೆ ನಮಗೆ ಅವತ್ತು ಸಿಗಲಿಲ್ಲ. ಮುಂದೆ ನೋಡೋಣವೆಂದರು, ಆ “ಮುಂದೆ” ಬಹಳ ದೂರವಿತ್ತು. ಆದರೆ ಪಡಸಾಲೆಯಲ್ಲಿ ಹುಡುಗಿಯರಿಗೆ ಕನ್ನಡ ಕಲಿಸಲು ಅಡ್ಡಿಯಿಲ್ಲವೆಂದು ಒಂದು ಕಾಗದ ಬರೆದುಕೊಟ್ಟರು. ಕಾಕಾ ಅವರ ಬಂಡಿಯಲ್ಲಿಯೇ ಭಾಲ್ಕಿಗೆ ಹಿಂದಿರುಗಿದೆವು. ಊರು ಹತ್ತಿರವಾದಾಗ ಕಾಕಾ, “ಕೈ ನೋಡೋ ಮಂದಿಗಿ ಇನ್ನ ನಾನ ಹೇಳ್ತೇನಿ, ಪಾಟಿ ನೋಡ್ರಿ ಅಂತ,” ಎಂದರು.

ಮನೆಯಲ್ಲಿ ಅತ್ತೆ ಮೊಮ್ಮಗಳ ಬರಿಗೈಯನ್ನು ಹಿಡಿದು ಬೆರಳುಗಳನ್ನು ಒಂದೊಂದಾಗಿ ನೀವಿದರು. ಅವಳು ಪಾಟಿ ತಂದು ಅಡ್ಡ ಹಿಡಿದು “ಆಯಿ” ಎಂದು ಬರೆದು ತೋರಿಸಿದಳು. ಅತ್ತೆಗೆ ಓದು ಬಾರದು. ಏನು ಬರೆದಿದ್ದಾಳೆಂದು ನಾನು ಹೇಳಿದೆ. ಅವರು ನನ್ನ ಕಡೆ ತಿರುಗಿ, “ಗದ್ದಿಗಿ ಬರೀಲಾಕ ಕಲ್ತದ,” ಎಂದು ಹೇಳಿ ಒಲೆಯ ಮುಂದೆ ಹೋದರು. ಆ ಸಂಜೆ ಒಂದು ಸಣ್ಣ ರೊಟ್ಟಿ ಹಿಂದಕ್ಕೆ ಸುತ್ತಿತು. ಮಾತಿನ ತೊಡಕು ಅಷ್ಟು ಬೇಗ ಹೋಗಲಿಲ್ಲ. ಆತುರವಾದಾಗ ಇವತ್ತಿಗೂ ಮೊದಲ ಅಕ್ಷರ ಅವಳ ತುಟಿಯಲ್ಲಿ ನಿಲ್ಲುತ್ತದೆ. ಅದು ನಾನು ಮಾಡಿದ್ದೆಂದು ನನಗೆ ಗೊತ್ತಿದೆ, ಅವಳಿಗೂ ಹೇಳಿದ್ದೇನೆ. ಚೀಲದಲ್ಲಿ ಅವಳು ಹುಣಸೆ ಬೀಜ ತುಂಬಿಟ್ಟುಕೊಂಡಳು.

ಮಾರನೆಯ ದಿನ ಪಡಸಾಲೆಯಲ್ಲಿ ಹುಡುಗಿಯರು ಸುದ್ದಿ ಕೇಳಿದ್ದರು. ಸಾಹೇಬರು ಮೆಚ್ಚಿದ ಬರವಣಿಗೆ ಇದೇ ಎಂದು ಎಲ್ಲರೂ ಪಾಟಿಗಳನ್ನು ಅಡ್ಡ ತಿರುಗಿಸಿಕೊಂಡು ಕುಳಿತರು. ಬಲಗೈಯಿಂದ ಹಾಗೆ ಬರೆಯಲು ಹೋಗಿ ಒಬ್ಬಳ ಅಕ್ಷರ ಗೋಡೆ ಹತ್ತಿತು, ಇನ್ನೊಬ್ಬಳದು ಚಾಪೆಗೆ ಇಳಿಯಿತು, ನಗುವೋ ನಗು. ಪಾಟಿಗಳನ್ನು ನೇರ ಮಾಡಿಸಬೇಕೆಂದು ಎದ್ದೆ. ಕೊನೆಯ ಸಾಲಿನಲ್ಲಿ ಗಾಣದವರ ಮನೆಯ ಹುಡುಗಿ ಕುಳಿತಿದ್ದಳು. ಎಂಟು ವರ್ಷದವಳು, ಒಂದು ವರ್ಷದಿಂದ ಬರುತ್ತಿದ್ದರೂ ಒಂದು ಸಾಲನ್ನೂ ಸರಿಯಾಗಿ ಬರೆದವಳಲ್ಲ. ಇವಳು ಮಂದ ಎಂದು ಅವಳ ತಾಯಿಯ ಮುಂದೆ ನಾನೇ ಹೇಳಿದ್ದೆ.

ಅವಳು ನಗುತ್ತಿರಲಿಲ್ಲ. ನನ್ನ ಮಗಳ ಕೈಯನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು. ನಾನು ನಿಂತಲ್ಲಿಯೇ ನಿಂತೆ. ಅವಳು ಬಳಪವನ್ನು ಬಲಗೈಯಿಂದ ಎಡಗೈಗೆ ದಾಟಿಸಿಕೊಂಡು ಬರೆಯತೊಡಗಿದಳು.